ದೊಡ್ಡದು ಅಂದರೆ, ಯಾವುದಕ್ಕಿಂತ?

ತಮ್ಮಾ, ತಂಗೀ, ಪಾಮನಕಲ್ಲೂರು ಮತ್ತು ಸುತ್ತಲಿನ ಹಳ್ಳಿಗಳ ಹೈಸ್ಕೂಲು ಮಕ್ಕಳಿಗೆ ಈ ಮಾತು. ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ತಲೆ ಬೆಳ್ಳಗಾದವನು ನಾನು. ಇಂಗ್ಲಿಷ್ ಅಂದರೆ ನಿಮಗೆ ಎಷ್ಟು ಅಂಜಿಕೆ ಅನ್ನುವುದು ಗೊತ್ತಿದೆ. ಅದರಲ್ಲೂ ‘ಡಿಗ್ರೀಸ್ ಆಫ್ ಕಂಪ್ಯಾರಿಸನ್’ ಪಾಠ ಬಂತೆಂದರೆ ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ಗೆರೆ ಎಳೆದು ಬಿಗ್, ಬಿಗ್ಗರ್, ಬಿಗ್ಗೆಸ್ಟ್. ಟಾಲ್, ಟಾಲರ್, ಟಾಲೆಸ್ಟ್ ಅಂತ ಸಾಲಾಗಿ ಬರೆದು ಬಾಯಿಪಾಠ ಮಾಡುತ್ತೀರಿ. ಪಟ್ಟಿ ಬಾಯಿಗೆ ಬರುತ್ತದೆ, ವಾಕ್ಯ ಬರುವುದಿಲ್ಲ. ‘ಆನೆ ಕುದುರೆಗಿಂತ ದೊಡ್ಡದು’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಪೆನ್ನು ನಿಂತುಬಿಡುತ್ತದೆ. ಧೈರ್ಯ ಮಾಡಿ ಬರೆದವರೂ ‘ಎಲಿಫೆಂಟ್ ಈಸ್ ಮೋರ್ ಬಿಗ್ ದೆನ್ ಹಾರ್ಸ್’ ಅಂತ ಬರೆದು ಅಳುಕುತ್ತಾ ನನ್ನ ಮುಖ ನೋಡುತ್ತಿದ್ದರು.

ಈ ಪಾಠವನ್ನು ಪಟ್ಟಿಯಿಂದ ಕಲಿಯಬೇಡಿ, ಪ್ರಾಣಿಗಳಿಂದ ಕಲಿಯಿರಿ. ಎದುರಿಗೆ ಎರಡು ಜೀವ ನಿಂತಿರಬೇಕು, ಕಣ್ಣು ಅಳೆಯಬೇಕು, ಆಮೇಲೆ ಬಾಯಿ ಮಾತಾಡಬೇಕು. ಹೋಲಿಸುವುದಕ್ಕೆ ಏನೂ ಇಲ್ಲದೆ ಹೋಲಿಕೆಯ ವ್ಯಾಕರಣ ತಲೆಯಲ್ಲಿ ನಿಲ್ಲುವುದಿಲ್ಲ.

ಮೊದಲು ತಪ್ಪು ಎಲ್ಲಿಂದ ಹುಟ್ಟುತ್ತದೆ ನೋಡಿ. ಆನೆ ದೊಡ್ಡದು. ಆನೆ ಕುದುರೆಗಿಂತ ದೊಡ್ಡದು. ಆನೆ ಎಲ್ಲಕ್ಕಿಂತ ದೊಡ್ಡದು. ಮೂರೂ ಕಡೆ ‘ದೊಡ್ಡದು’ ಇದ್ದ ಹಾಗೇ ಇದೆ. ಹೋಲಿಕೆಯಲ್ಲಿ ಸೋತ ಪ್ರಾಣಿಯ ಹೆಸರಿಗೆ ‘ಗಿಂತ’ ಅಂಟಿತು, ಕನ್ನಡದ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಕೆಲಸ ಎರಡು ಕಡೆ ಆಗಬೇಕು. ಗುಣ ಹೇಳುವ ಮಾತಿನ ಕೊನೆಗೆ ‘ಅರ್’ ಸೇರಬೇಕು, ಸೋತ ಪ್ರಾಣಿಯ ಮುಂದೆ ‘ದ್ಯಾನ್’ ಬಂದು ನಿಲ್ಲಬೇಕು. ಸಾಲಿನ ಕ್ರಮವೂ ತಿರುವುಮುರುವು. ನಾವು ಸೋತದ್ದನ್ನು ಮೊದಲು ಹೇಳಿ ಗುಣವನ್ನು ಕೊನೆಗೆ ಇಡುತ್ತೇವೆ; ಅವರು ಗುಣವನ್ನು ಮೊದಲು ಹೇಳಿ ಸೋತದ್ದನ್ನು ಕೊನೆಗೆ ಇಡುತ್ತಾರೆ. ‘ದಿ ಎಲಿಫೆಂಟ್ ಈಸ್ ಬಿಗ್ಗರ್ ದ್ಯಾನ್ ದಿ ಹಾರ್ಸ್.’ ನೀವು ‘ಮೋರ್ ಬಿಗ್’ ಅಂತ ಬರೆದದ್ದು ದಡ್ಡತನದಿಂದಲ್ಲ. ‘ದೊಡ್ಡ’ ಅನ್ನುವುದನ್ನು ಮುರಿಯದೆ ಇಟ್ಟುಕೊಳ್ಳಬೇಕು ಅಂತ ನಿಮ್ಮೊಳಗಿನ ಕನ್ನಡ ಹೇಳುತ್ತದೆ. ಇದನ್ನು ಒಮ್ಮೆ ತಿಳಿದುಕೊಂಡರೆ ಅರ್ಧ ಅಂಜಿಕೆ ಹೋಗುತ್ತದೆ.

ಈ ಅಂಜಿಕೆಗೆ ನಮ್ಮ ಕಡೆ ಹಳೆಯ ಕಾರಣವೂ ಇದೆ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಭಾಗ ನಿಜಾಮರ ಆಡಳಿತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನನ್ನ ಹಿಂದಿನವರಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೇ ಕಡಿಮೆ, ಹತ್ತಿದವರು ಉರ್ದುವಿನಲ್ಲಿ ಕಲಿತರು. ನಾವು ಎಬಿಸಿಡಿ ಕಂಡದ್ದು ಐದನೇ ತರಗತಿಗೆ ಬಂದ ಮೇಲೆ. ನಿಮಗೆ ಹಾಗಿಲ್ಲ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಮನೆಯಲ್ಲಿ ಮಾತಾಡುವವರಿಲ್ಲ ಅನ್ನುವ ಕೊರತೆ ಮಾತ್ರ ಉಳಿದಿದೆ. ಆ ಕೊರತೆಯನ್ನು ಎಮ್ಮೆ, ಆಡು, ಎತ್ತುಗಳ ಜೊತೆ ತುಂಬಿಕೊಳ್ಳಬಹುದು ಅಂದರೆ ನೀವು ನಗಬಹುದು. ನಾನು ನಿಜವಾಗಿಯೇ ಹೇಳುತ್ತಿದ್ದೇನೆ.

ಎರಡರ ಹೋಲಿಕೆಗೆ ಮೃಗಾಲಯ ಬೇಕಾಗಿಲ್ಲ, ಕೊಟ್ಟಿಗೆ ಸಾಕು. ಒಬ್ಬ ಹುಡುಗಿ ಇದ್ದಳು, ಓದುವುದರಲ್ಲಿ ಹಿಂದೆ, ಕ್ಲಾಸಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. ಮನೆಯಲ್ಲಿ ಆಡು ಮೇಯಿಸುವ ಕೆಲಸ ಅವಳದು. ನಿಮ್ಮ ಆಡುಗಳ ಬಗ್ಗೆ ಹೇಳವ್ವಾ ಅಂದೆ. “ಕರೆ ಆಡಿಗಿಂತ ಬಿಳೆ ಆಡು ಭಾಳ ತುಂಟ ಐತ್ರಿ ಸರ್, ಮಂದಿ ಹೊಲಕ್ಕ ನುಗ್ಗತೈತಿ” ಅಂದಳು. ಬೋರ್ಡಿನ ಮೇಲೆ ‘ನಾಟಿ’ ಅನ್ನುವ ಮಾತು ಬರೆದು, ಕೊನೆಯ ವೈ ಅಕ್ಷರ ಅಳಿಸಿ ಐ ಹಾಕಿ ‘ನಾಟಿಯರ್’ ಮಾಡಿ ತೋರಿಸಿದೆ. ‘ದಿ ವೈಟ್ ಗೋಟ್ ಈಸ್ ನಾಟಿಯರ್ ದ್ಯಾನ್ ದಿ ಬ್ಲ್ಯಾಕ್ ಗೋಟ್.’ ಅವಳು ಅದನ್ನು ಓದಿದಳು, ಮತ್ತೆ ಓದಿದಳು. ಆಮೇಲೆ ತಾನೇ ‘ದಿ ಬ್ಲ್ಯಾಕ್ ಗೋಟ್ ಈಸ್ ಫ್ಯಾಟರ್’ ಅಂತ ಬರೆದಳು. ಟಿ ಅಕ್ಷರ ಎರಡು ಹಾಕಬೇಕೆಂದು ಆ ಹೊತ್ತಿಗೆ ಅವಳಿಗೆ ತಿಳಿದಿರಲಿಲ್ಲ, ನಾನೂ ತಿದ್ದಲಿಲ್ಲ. ಅವಳ ಸ್ವಂತ ವಾಕ್ಯ ಅದು. ಅಕ್ಷರ ನಾಳೆ ತಿದ್ದಿದರೂ ನಡೆಯುತ್ತದೆ.

ಆ ಎರಡು ಟಿ ಯಾಕೆ ಅಂತ ಈಗ ಹೇಳುತ್ತೇನೆ, ಯಾಕೆಂದರೆ ಇದನ್ನು ನಿಯಮ ಅಂತ ಉರುಹೊಡೆಸುತ್ತಾರೆ, ಕಾರಣ ಹೇಳುವುದಿಲ್ಲ. ಕನ್ನಡದಲ್ಲಿ ಹ್ರಸ್ವ, ದೀರ್ಘಕ್ಕೆ ಬೇರೆ ಬೇರೆ ಗುರುತು ಉಂಟು. ಇಂಗ್ಲಿಷಿನಲ್ಲಿ ಇಲ್ಲ. ಬಿಗ್ ಅನ್ನುವುದಕ್ಕೆ ಒಂದೇ ಜಿ ಇಟ್ಟು ‘ಅರ್’ ಸೇರಿಸಿದರೆ ಓದುವವನು ಅದನ್ನು ‘ಬೈಗರ್’ ಅಂತ ಎಳೆದು ಓದಿಬಿಡುತ್ತಾನೆ. ಒಳಗಿನ ಸ್ವರ ಚಿಕ್ಕದಾಗಿಯೇ ಉಳಿಯಲಿ ಅಂತ ಕೊನೆಯ ಅಕ್ಷರವನ್ನು ಇಮ್ಮಡಿ ಮಾಡುತ್ತಾರೆ. ಫ್ಯಾಟ್, ಥಿನ್, ಹಾಟ್, ವೆಟ್ ಎಲ್ಲವೂ ಇದೇ ಜಾಡು. ಟಾಲ್ ಅನ್ನುವುದರಲ್ಲಿ ಎಲ್ ಆಗಲೇ ಎರಡಿದೆ, ಮತ್ತೊಂದು ಬೇಡ.

ಯಾವುದಕ್ಕೆ ‘ಅರ್’, ಯಾವುದಕ್ಕೆ ‘ಮೋರ್’ ಅನ್ನುವುದು ಚಪ್ಪಾಳೆಯಿಂದ ತಿಳಿಯುತ್ತದೆ. ಟಾಲ್: ಒಂದೇ ತಟ್ಟು. ಹೆ-ವಿ: ಎರಡು ತಟ್ಟು, ಕೊನೆಗೆ ವೈ ಇದೆ. ಇವೆರಡೂ ಬಾಲ ಹಚ್ಚಿಕೊಳ್ಳುತ್ತವೆ: ಟಾಲರ್, ಹೆವಿಯರ್. ಡೇಂ-ಜ-ರಸ್: ಮೂರು ತಟ್ಟು. ಬ್ಯೂ-ಟಿ-ಫುಲ್: ಮೂರು. ಇಷ್ಟು ಉದ್ದದ ಮಾತಿಗೆ ಬಾಲ ಬೇಡ, ಮುಂದೆ ‘ಮೋರ್’, ‘ಮೋಸ್ಟ್’ ಬರಲಿ. ಎರಡನ್ನೂ ಒಟ್ಟಿಗೆ ಹಾಕಿ ‘ಮೋರ್ ಟಾಲರ್’ ಅನ್ನಬೇಡಿ. ಷೇಕ್ಸ್‌ಪಿಯರನ ಕಾಲದಲ್ಲಿ ಹಾಗೆ ಬರೆಯುತ್ತಿದ್ದರು, ಅವನ ‘ಜೂಲಿಯಸ್ ಸೀಸರ್’ ನಾಟಕದಲ್ಲೇ ಅಂಥದ್ದು ಸಿಗುತ್ತದೆ. ಇಂದಿನ ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ. ಗುಡ್-ಬೆಟರ್-ಬೆಸ್ಟ್, ಬ್ಯಾಡ್-ವರ್ಸ್-ವರ್ಸ್ಟ್ ಇಂಥವಕ್ಕೆ ಬಾಯಿಪಾಠ ಬಿಟ್ಟು ದಾರಿಯಿಲ್ಲ. ಮಾಡಿಕೊಳ್ಳಿ.

ಇನ್ನು ‘ಎಸ್ಟ್’. ಇದಕ್ಕೆ ಕೊಟ್ಟಿಗೆ ಸಾಲದು. ‘ಎಲ್ಲಕ್ಕಿಂತ’ ಅನ್ನಬೇಕಾದರೆ ಎಲ್ಲವನ್ನೂ ಕಂಡಿರಬೇಕಲ್ಲ. ಮೃಗಾಲಯ ಬೇಕಾಗುವುದು ಇಲ್ಲಿ. ನಮಗೆ ಸಮೀಪದ ದೊಡ್ಡ ಮೃಗಾಲಯ ಹಂಪಿಯ ಹತ್ತಿರ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ. ಶಾಲೆಯಿಂದ ಹಂಪಿಗೆ ಪ್ರವಾಸ ಹೋದಾಗ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಹಾಗೇ ಬಸ್ಸು ಹತ್ತಬೇಡಿ, ಅಲ್ಲಿಗೂ ಹೋಗಿ. ಹುಲಿ, ಸಿಂಹಗಳನ್ನು ಸಫಾರಿಯಲ್ಲಿ ತೋರಿಸುತ್ತಾರೆ. ಅಲ್ಲೇ ಸಮೀಪದಲ್ಲಿ ದರೋಜಿ ಕರಡಿಧಾಮವಿದೆ, 1994ರಲ್ಲಿ ಆದದ್ದು. ಮಧ್ಯಾಹ್ನ ಇಳಿದ ಮೇಲೆ ಬಂಡೆಗಳಿಗೆ ಸವರಿದ ಬೆಲ್ಲದ ಪಾಕ ನೆಕ್ಕಲು ಕರಡಿಗಳು ಕಲ್ಲಿನ ಸಂದಿಗಳಿಂದ ಹೊರಬರುತ್ತವೆ.

ಹುಲಿ ದೊಡ್ಡದೋ ಸಿಂಹ ದೊಡ್ಡದೋ ಅನ್ನುವ ಜಗಳ ಬಸ್ಸಿನಲ್ಲೇ ಶುರುವಾಗುತ್ತದೆ. ಕಾಡಿನ ರಾಜ ಅಂತ ಕತೆಯಲ್ಲಿ ಕೇಳಿದ ಮಕ್ಕಳು ಸಿಂಹದ ಪಕ್ಷ. ಕೇಸರದಿಂದಾಗಿ ಅದು ದೊಡ್ಡದಾಗಿ ಕಾಣುತ್ತದೆ ಕೂಡ. ಆದರೆ ಬೆಕ್ಕಿನ ಜಾತಿಯಲ್ಲೆಲ್ಲ ಹುಲಿಯೇ ದೊಡ್ಡದು. ಬಂಗಾಳ ಹುಲಿಯ ಬೆಳೆದ ಗಂಡು 200 ಕಿಲೋ ದಾಟುವುದು ಸಾಮಾನ್ಯ. ಗಿರ್ ಕಾಡಿನ ನಮ್ಮ ಸಿಂಹ 160ರಿಂದ 190 ಕಿಲೋ ತೂಗುತ್ತದೆ. ‘ದಿ ಟೈಗರ್ ಈಸ್ ಹೆವಿಯರ್ ದ್ಯಾನ್ ದಿ ಲಯನ್.’ ಹಾಗಾದರೆ ಸಿಂಹ ಸೋತಿತೇ? ಗರ್ಜನೆಯನ್ನು ಅಳೆಯಿರಿ. ಸಿಂಹದ ಗರ್ಜನೆ 8 ಕಿ.ಮೀ. ದೂರಕ್ಕೂ ಕೇಳುತ್ತದೆ. ‘ದಿ ಲಯನ್ ಈಸ್ ಲೌಡರ್ ದ್ಯಾನ್ ದಿ ಟೈಗರ್.’ ತೂಕದಲ್ಲಿ ಒಂದು, ದನಿಯಲ್ಲಿ ಇನ್ನೊಂದು. ಯಾವ ಗುಣದಲ್ಲಿ ಹೋಲಿಸುತ್ತಿದ್ದೇನೆ ಅನ್ನುವುದನ್ನು ಮೊದಲು ನಿರ್ಧಾರ ಮಾಡಿಕೊಳ್ಳಿ, ಆಮೇಲೆ ವಾಕ್ಯಕ್ಕೆ ಕೈ ಹಾಕಿ.

‘ಮೋಸ್ಟ್ ಡೇಂಜರಸ್’ ಯಾವುದು ಅಂತ ಕೇಳಿದರೆ ಇಡೀ ಕ್ಲಾಸು ಸಿಂಹ, ಹುಲಿ, ಮೊಸಳೆ ಅನ್ನುತ್ತದೆ. ಮನುಷ್ಯರ ಸಾವಿನ ಲೆಕ್ಕ ತೆಗೆದುಕೊಂಡರೆ ಉತ್ತರ ಸೊಳ್ಳೆ. ಮಲೇರಿಯಾ ಒಂದರಿಂದಲೇ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ಜನ ಸಾಯುತ್ತಾರೆ. ಹಾವುಗಳಲ್ಲಿ ನೋಡಿ: ಮಲೆನಾಡಿನ ಕಾಳಿಂಗ ಸರ್ಪ ವಿಷದ ಹಾವುಗಳಲ್ಲೆಲ್ಲ ಉದ್ದ. ಆದರೆ ಅದರಿಂದ ಸತ್ತವರು ಅಪರೂಪ. ಸಿಂಧನೂರಿನ ಭತ್ತದ ಗದ್ದೆಯಲ್ಲಿ ಕಾಲಿಗೆ ಸಿಗುವ ನಾಗರಹಾವು, ಕೊಳಕುಮಂಡಲಗಳೇ ರೈತರ ಜೀವ ತೆಗೆಯುವುದು. ‘ಲಾಂಗೆಸ್ಟ್’ ಒಂದು, ‘ಡೆಡ್ಲಿಯೆಸ್ಟ್’ ಇನ್ನೊಂದು. ಇಂಗ್ಲಿಷ್ ಕಲಿಯುವ ನೆಪದಲ್ಲಿ ಇದೂ ತಿಳಿದರೆ ನಿಮ್ಮ ಅಪ್ಪನಿಗೆ ರಾತ್ರಿ ನೀರು ಕಟ್ಟಲು ಹೋಗುವಾಗ ಬ್ಯಾಟರಿ ಒಯ್ಯಿ ಅಂತ ಹೇಳುತ್ತೀರಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ಮಾತು. ಹೊಲಕ್ಕೆ ಬದು ಇದ್ದಂತೆ ‘ಎಸ್ಟ್’ ಇರುವ ಪ್ರತಿ ವಾಕ್ಯಕ್ಕೂ ಒಂದು ಬದು ಬೇಕು. ಎಲ್ಲಿ ದೊಡ್ಡದು? ಯಾವುದರ ನಡುವೆ ದೊಡ್ಡದು? ‘ದಿ ಎಲಿಫೆಂಟ್ ಈಸ್ ದಿ ಬಿಗ್ಗೆಸ್ಟ್ ಅನಿಮಲ್’ ಅಂತ ಬರೆದು ಚುಕ್ಕೆ ಇಟ್ಟರೆ ಅದು ಸುಳ್ಳು. ಸಮುದ್ರದಲ್ಲಿ ನೀಲಿ ತಿಮಿಂಗಿಲ ಇದೆ, 30 ಮೀಟರ್‌ವರೆಗೆ ಉದ್ದ, 150 ಟನ್ನಿಗೂ ಹೆಚ್ಚು ತೂಕ. ‘ಆನ್ ಲ್ಯಾಂಡ್’ ಅಂತ ಸೇರಿಸಿ, ನಿಜವಾಗುತ್ತದೆ. ಅಲ್ಲಿಯೂ ಆಫ್ರಿಕದ ಆನೆ ನಮ್ಮ ಆನೆಗಿಂತ ದೊಡ್ಡದು, ಅದರ ಕಿವಿಯೂ ದೊಡ್ಡದು. ಚೀತಾ ಅತಿ ವೇಗದ ಪ್ರಾಣಿ ಅನ್ನುತ್ತೀರಿ. ನೆಲದ ಮೇಲೆ ಓಡುವುದರಲ್ಲಿ ಹೌದು, ಗಂಟೆಗೆ 100 ಕಿ.ಮೀ. ಆಸುಪಾಸು; ಆದರೆ ಪೆರೆಗ್ರಿನ್ ಡೇಗೆ ಬೇಟೆಯ ಮೇಲೆ ಎರಗುವಾಗ 300 ಕಿ.ಮೀ. ದಾಟುತ್ತದೆ. ಉಷ್ಟ್ರಪಕ್ಷಿ ಹಕ್ಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಮೊಟ್ಟೆಯೇ ಒಂದೂಕಾಲು, ಒಂದೂವರೆ ಕಿಲೋ ತೂಗುತ್ತದೆ. ಆದರೆ ಅದು ಹಾರುವುದಿಲ್ಲ. ಹಾರುವವುಗಳಲ್ಲಿ ಭಾರದ ಹಕ್ಕಿ ಯಾವುದು ಅಂತ ಹುಡುಕಿದರೆ ತುಂಗಭದ್ರೆ ದಾಟಿದ ಕೂಡಲೇ ಒಂದು ಸಿಗುತ್ತದೆ: ಸಿರುಗುಪ್ಪ ಕಡೆಯ ಎರೆಹೊಲಗಳ ಎರ್ಲಡ್ಡು. ಅದರ ಗಂಡು 15 ಕಿಲೋವರೆಗೂ ತೂಗಬಲ್ಲದು. ಅದಕ್ಕಿಂತ ಭಾರದ್ದು ಆಫ್ರಿಕದಲ್ಲಿದೆ, ಆದ್ದರಿಂದ ‘ದಿ ಹೆವಿಯೆಸ್ಟ್’ ಅನ್ನುವ ಹಾಗಿಲ್ಲ. ‘ಒನ್ ಆಫ್ ದಿ ಹೆವಿಯೆಸ್ಟ್ ಫ್ಲೈಯಿಂಗ್ ಬರ್ಡ್ಸ್’ ಅನ್ನಬೇಕು. ‘ಬರ್ಡ್ಸ್’ ಅಂತ ಕೊನೆಗೆ ಎಸ್ ಇರುವುದನ್ನು ಗಮನಿಸಿ. ‘ಒನ್ ಆಫ್ ದಿ’ ಬಂದರೆ ಮುಂದಿನ ಹೆಸರು ಬಹುವಚನವೇ ಆಗಬೇಕು. ನಿಮ್ಮಲ್ಲಿ ಬಹಳಷ್ಟು ಜನ ಬಿಡುವುದು ಇದನ್ನೇ. ಇಡೀ ದೇಶದಲ್ಲಿ ಈ ಹಕ್ಕಿ ಈಗ 150ರಷ್ಟೂ ಉಳಿದಿಲ್ಲ ಅನ್ನುವುದನ್ನೂ ಅದೇ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಬದು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ನಮ್ಮ ಮಸ್ಕಿಯಲ್ಲೇ ಇದೆ. 1915ರಲ್ಲಿ ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರ್‌ಗೆ ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಕಂಡಿತು. ಅಲ್ಲಿಯವರೆಗೆ ‘ದೇವಾನಾಂಪ್ರಿಯ’ ಅಂತಷ್ಟೇ ಗೊತ್ತಿದ್ದ ದೊರೆ ಅಶೋಕನೇ ಅಂತ ಖಚಿತವಾದದ್ದು ಈ ಶಾಸನದಲ್ಲಿ ಅವನ ಹೆಸರು ಇದ್ದದ್ದರಿಂದ. ನಮ್ಮ ತಾಲ್ಲೂಕಿಗೆ ದೊಡ್ಡ ಹೆಮ್ಮೆ ಅದು. ಆದರೆ ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು ಅಂತ ಇವತ್ತಿಗೂ ಭಾಷಣಗಳಲ್ಲಿ ಹೇಳುತ್ತಾರೆ. ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ಆಮೇಲೆ ಅವನ ಹೆಸರಿರುವ ಶಾಸನಗಳು ಸಿಕ್ಕಿವೆ. ‘ಅಶೋಕನ ಹೆಸರನ್ನು ಮೊದಲು ತೋರಿಸಿಕೊಟ್ಟ ಶಾಸನ’ ಅಂದರೆ ಮಾತು ಸರಿ, ಹೆಮ್ಮೆಯೂ ಕಡಿಮೆಯಾಗಲಿಲ್ಲ. ಮೈಸೂರು ಮೃಗಾಲಯದ ಮಾತೂ ಹೀಗೇ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆದದ್ದು. ದೇಶದಲ್ಲೇ ಹಳೆಯದು ಅನ್ನಬೇಡಿ. ಚೆನ್ನೈನದು 1855ರದು, ಕೋಲ್ಕತ್ತದ ಆಲಿಪುರದ್ದು 1876ರದು. ‘ಒನ್ ಆಫ್ ದಿ ಓಲ್ಡೆಸ್ಟ್ ಝೂಸ್ ಇನ್ ಇಂಡಿಯಾ’ ಅನ್ನಿ.

‘ದಿ’ ಅನ್ನುವ ಸಣ್ಣ ಮಾತನ್ನು ನಮ್ಮ ಮಕ್ಕಳು ಸದಾ ನುಂಗಿಬಿಡುತ್ತಾರೆ, ಕನ್ನಡದಲ್ಲಿ ಅಂಥದ್ದು ಇಲ್ಲವಲ್ಲ. ‘ಎಸ್ಟ್’ ಬಂದಲ್ಲಿ ಅದರ ಮುಂದೆ ‘ದಿ’ ಇಟ್ಟೇ ಇಡಿ. ಎಲ್ಲಕ್ಕಿಂತ ಎತ್ತರದ್ದು ಒಂದೇ ಇರುತ್ತದೆ, ಅದನ್ನು ಬೆರಳು ಮಾಡಿ ತೋರಿಸಲು ಈ ಮಾತು.

ಎಸ್ಸೆಸ್ಸೆಲ್ಸಿಗೂ, ಮುಂದೆ ನೀವು ಕೂರುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಬೇಕಾದ ಒಂದು ಪಟ್ಟನ್ನು ಹೇಳಿಕೊಡುತ್ತೇನೆ. ಒಂದೇ ಸಂಗತಿಯನ್ನು ಮೂರು ಬಗೆಯಲ್ಲಿ ಬರೆಯಲು ಕೇಳುತ್ತಾರೆ. ಮೈಸೂರಿನ ಜಿರಾಫೆಯನ್ನು ಮನಸ್ಸಿಗೆ ತಂದುಕೊಳ್ಳಿ. ಬೆಳೆದ ಗಂಡು 18 ಅಡಿವರೆಗೂ ಎತ್ತರ ಇರುತ್ತದೆ. ‘ದಿ ಜಿರಾಫ್ ಈಸ್ ದಿ ಟಾಲೆಸ್ಟ್ ಆಫ್ ಆಲ್ ಅನಿಮಲ್ಸ್.’ ಇದನ್ನೇ ‘ದಿ ಜಿರಾಫ್ ಈಸ್ ಟಾಲರ್ ದ್ಯಾನ್ ಎನಿ ಅದರ್ ಅನಿಮಲ್’ ಅನ್ನಬಹುದು. ‘ನೋ ಅದರ್ ಅನಿಮಲ್ ಈಸ್ ಆ್ಯಸ್ ಟಾಲ್ ಆ್ಯಸ್ ದಿ ಜಿರಾಫ್’ ಅಂತಲೂ ಅನ್ನಬಹುದು. ಇಲ್ಲಿ ‘ಅದರ್’ ಬಿಟ್ಟರೆ ಅಂಕ ಹೋಯಿತು. ಯಾಕೆ ಅಂತ ಯೋಚಿಸಿ: ಜಿರಾಫೆಯೂ ಒಂದು ಪ್ರಾಣಿಯೇ. ‘ಯಾವ ಪ್ರಾಣಿಗಿಂತಲೂ ಎತ್ತರ’ ಅಂದರೆ ಅದು ತನಗಿಂತ ತಾನೇ ಎತ್ತರ ಅಂದ ಹಾಗಾಯಿತು. ‘ಬೇರೆ’ ಯಾವ ಪ್ರಾಣಿಗಿಂತಲೂ ಅನ್ನಬೇಕು. ಕನ್ನಡದಲ್ಲಿ ಯೋಚಿಸಿದರೆ ಇಂಗ್ಲಿಷಿನ ತಪ್ಪು ಕಣ್ಣಿಗೆ ಬೀಳುವ ಜಾಗ ಇದು.

ಇಂಗ್ಲಿಷಿನ ‘ಎಸ್ಟ್’ ನಿಮಗೆ ಪೂರಾ ಪರಕೀಯವೂ ಅಲ್ಲ. ಬೇಸಿಗೆಯಲ್ಲಿ ರಾಯಚೂರಿನ ಗರಿಷ್ಠ ತಾಪಮಾನ, ಕನಿಷ್ಠ ತಾಪಮಾನ ಅಂತ ಸುದ್ದಿಯಲ್ಲಿ ಕೇಳುತ್ತೀರಲ್ಲ. ಗರಿಷ್ಠ, ಕನಿಷ್ಠ, ಶ್ರೇಷ್ಠ, ಬಲಿಷ್ಠ ಇವುಗಳ ಕೊನೆಯಲ್ಲಿ ಸಂಸ್ಕೃತದಿಂದ ಬಂದಿರುವ ಬಾಲ ಮತ್ತು ಇಂಗ್ಲಿಷಿನ ‘ಎಸ್ಟ್’ ಎರಡೂ ಒಂದೇ ಹಳೆಯ ಬೇರಿನವು ಅಂತ ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ.

ಪ್ರಾಣಿಗಳೇ ಆಗಲಿ ಅಂತ ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳೂ ಕೇಳಿಸಿಕೊಳ್ಳಬೇಕು. ಈ ಪಾಠಕ್ಕೆ ಕ್ಲಾಸಿನ ಮಕ್ಕಳನ್ನೇ ಎಬ್ಬಿಸಿ ನಿಲ್ಲಿಸಿ, ಇವನು ಅವನಿಗಿಂತ ಕುಳ್ಳ, ಅವಳು ಇವಳಿಗಿಂತ ಕಪ್ಪು ಅಂತ ಉದಾಹರಣೆ ಕೊಡುವುದನ್ನು ನಾನು ಕಂಡಿದ್ದೇನೆ. ಎಲ್ಲರೂ ನಗುತ್ತಾರೆ, ನಿಂತ ಮಗು ನೆಲ ನೋಡುತ್ತದೆ. ಆ ಮಗುವಿಗೆ ‘ಡಾರ್ಕರ್’ ಅನ್ನುವ ಮಾತು ಜೀವನಪೂರ್ತಿ ನೆನಪಿರುತ್ತದೆ, ಇಂಗ್ಲಿಷ್ ಮಾತ್ರ ಬೇಡವಾಗುತ್ತದೆ. ಕರಡಿ ಚಿರತೆಗಿಂತ ಕಪ್ಪು ಅಂದರೆ ಕರಡಿಗೆ ನೋವಾಗುವುದಿಲ್ಲ. ಮೊದಲು ಮಕ್ಕಳು ತಮ್ಮ ಮಾತಿನಲ್ಲೇ “ಆನಿ ಕುದ್ರಿಗಿಂತ ದೊಡ್ಡದೈತಿ” ಅನ್ನಲಿ, ಅದನ್ನು ತಿದ್ದಲು ಹೋಗಬೇಡಿ. ಆ ವಾಕ್ಯ ಗಟ್ಟಿಯಾಗಿ ಬಂದ ಮೇಲೆ ಇಂಗ್ಲಿಷಿಗೆ ದಾಟಿಸಿ.

ಮಕ್ಕಳೇ, ಈ ಸಲ ಪ್ರವಾಸಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲು ಇರಲಿ. ಪ್ರತಿ ಆವರಣದ ಮುಂದೆ ಪ್ರಾಣಿಯ ಹೆಸರು, ತೂಕ, ಊಟ, ಎಲ್ಲಿಯದು ಅಂತ ಫಲಕ ಹಾಕಿರುತ್ತಾರೆ. ಅದನ್ನು ಓದಿ, ಅಂಕಿ ಬರೆದುಕೊಳ್ಳಿ. ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದವನ ಜೊತೆ ವಾಕ್ಯ ಕಟ್ಟಿ, ಅವನು ಬದು ಮರೆತರೆ ಎಲ್ಲಿ, ಯಾವುದರಲ್ಲಿ ಅಂತ ಕೇಳಿ. ಪ್ರವಾಸಕ್ಕೆ ಹೋಗಲು ಮನೆಯಲ್ಲಿ ದುಡ್ಡಿಲ್ಲದಿದ್ದರೆ ನಾಚಬೇಡಿ, ಸಂತೆಯ ದಿನ ಮಾರಲು ತಂದ ಕುರಿ, ಆಡು, ಕೋಳಿಗಳ ಮುಂದೆ ನಿಂತು ಅದೇ ಕೆಲಸ ಮಾಡಿ. ಮೈಸೂರಿನವರೆಗೂ ಹೋಗುವ ಶಾಲೆಯವರು ದಿನ ನೋಡಿಕೊಂಡು ಹೊರಡಿ: ಅಲ್ಲಿನ ಮೃಗಾಲಯಕ್ಕೆ ಮಂಗಳವಾರ ರಜೆ.